ಅನ್ನಸತ್ರದ ಬಾಗಿಲೂ ಪಾಠಶಾಲೆಯ ಬಾಗಿಲೂ

ಪ್ರಾಚೀನ ಕರ್ಣಾಟಕದ ವಿದ್ಯಾಪೀಠಗಳ ಪ್ರಸ್ತಾಪವು ನಮ್ಮ ಸಾಹಿತ್ಯ ಸಭೆಗಳಲ್ಲಿ ಬಂದಾಗಲೆಲ್ಲ ಬಳ್ಳಿಗಾವೆಯ ಕೋಡಿಯ ಮಠದ ಹೆಸರು ಮೊದಲು ಕೇಳಿಬರುವುದು ರೂಢಿಯಾಗಿದೆ. ಅದು ಯುಕ್ತವೂ ಆಗಿದೆ. ಶಿಕಾರಿಪುರ ತಾಲ್ಲೂಕಿನ ಆ ಗ್ರಾಮದಲ್ಲಿ, ಕೆರೆಯ ಕೋಡಿಯ ಸಮೀಪದಲ್ಲಿ, ಕೇದಾರೇಶ್ವರ ದೇವಾಲಯವನ್ನು ಆಶ್ರಯಿಸಿ ನಡೆಯುತ್ತಿದ್ದ ಆ ಮಠವನ್ನು ಕ್ರಿ. ಶ. 1162ರ ಶಾಸನವೊಂದು ವರ್ಣಿಸುವ ಪರಿಯನ್ನು ಓದಿದ ಯಾರಿಗಾದರೂ ಹೃದಯವು ಹಿಗ್ಗದಿರದು. ನಾಲ್ಕು ವೇದಗಳು ಮತ್ತು ಅವುಗಳ ಅಂಗಗಳು. ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳು. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳು. ಲಾಕುಲ ಸಿದ್ಧಾಂತ ಮತ್ತು ಪಾತಂಜಲ ಯೋಗ. ಹದಿನೆಂಟು ಪುರಾಣಗಳು, ಧರ್ಮಶಾಸ್ತ್ರಗಳು, ಕಾವ್ಯ, ನಾಟಕ, ಇವೆಲ್ಲಕ್ಕೂ ಅದು ವ್ಯಾಖ್ಯಾನ ಸ್ಥಾನವಾಗಿತ್ತೆಂದು ಶಾಸನವು ಸಾರುತ್ತದೆ. ಶೈವಮಠವೊಂದರಲ್ಲಿ ಬೌದ್ಧದರ್ಶನಕ್ಕೂ ಪಾಠವಿದ್ದಿತೆಂಬ ಒಂದು ಮಾತೇ ಆ ಕಾಲದ ಬುದ್ಧಿವೈಶಾಲ್ಯಕ್ಕೆ ಸಾಕ್ಷಿಯಾಗಿದೆ.

ಆದರೆ ನಮ್ಮ ಉಪನ್ಯಾಸಕರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಶಾಸನವು ನಿಲ್ಲುವುದಿಲ್ಲ. ಆ ಮಠವು ದೀನರಿಗೂ ಅನಾಥರಿಗೂ, ಕುಂಟರಿಗೂ ಕುರುಡರಿಗೂ ಕಿವುಡರಿಗೂ, ಕಥೆ ಹೇಳುವವರಿಗೂ ಹಾಡುವವರಿಗೂ ವಾದ್ಯ ನುಡಿಸುವವರಿಗೂ, ಕ್ಷಪಣಕ, ಏಕದಂಡಿ, ತ್ರಿದಂಡಿ, ಹಂಸ, ಪರಮಹಂಸರೇ ಮೊದಲಾಗಿ ನಾನಾ ದೇಶಗಳಿಂದ ಬಂದ ಭಿಕ್ಷುಗಳಿಗೂ ಅನವರತ ಅನ್ನವಿಕ್ಕುವ ಸ್ಥಾನವೆಂದೂ, ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರ ನಡೆಯುವ ಸ್ಥಾನವೆಂದೂ, ಸಕಲ ಪ್ರಾಣಿಗಳಿಗೆ ಅಭಯಸ್ಥಾನವೆಂದೂ ಅದು ಮುಂದುವರಿದು ಹೇಳುತ್ತದೆ. ಎಂಟುನೂರ ಅರುವತ್ತು ವರ್ಷಗಳಿಗೂ ಹಿಂದೆ, ಒಂದು ವಿದ್ಯಾಸ್ಥಾನದ ಮಹಿಮೆಯನ್ನು ಕಲ್ಲಿನಲ್ಲಿ ಕೊರೆಸುವಾಗ ಕುಂಟರನ್ನೂ ಕುರುಡರನ್ನೂ ಕಿವುಡರನ್ನೂ ನೆನೆದವರು ನಮ್ಮ ಪೂರ್ವಿಕರು. ಇದು ಹೆಮ್ಮೆಯ ವಿಷಯವೇ ಸರಿ.

ಈಗ ವಾಚಕರು ಆ ಎರಡು ಪಟ್ಟಿಗಳನ್ನೂ ಒಂದರ ಪಕ್ಕದಲ್ಲೊಂದು ಇಟ್ಟು ನೋಡಬೇಕೆಂದು ನಮ್ಮ ಬಿನ್ನಹ. ಮೊದಲನೆಯದು ಏನನ್ನು ಕಲಿಸುತ್ತಿದ್ದರೆಂಬ ಪಟ್ಟಿ; ಎರಡನೆಯದು ಯಾರಿಗೆ ಉಣಬಡಿಸುತ್ತಿದ್ದರೆಂಬ ಪಟ್ಟಿ. ಕುರುಡನೂ ಕಿವುಡನೂ ಎರಡನೆಯ ಪಟ್ಟಿಯಲ್ಲಿದ್ದಾರೆ. ಭೋಜನಶಾಲೆಯಲ್ಲಿ ಉಂಡು ಕೈತೊಳೆದ ಆ ಕುರುಡನು ಎದ್ದುಬಂದು ವ್ಯಾಖ್ಯಾನಮಂಟಪದಲ್ಲಿ ಕುಳಿತುಕೊಳ್ಳುತ್ತಿದ್ದನೆ? ಅವನಿಗೆ ಅಲ್ಲಿ ಒಂದು ಮಣೆಯಿದ್ದಿತೆ? ಕಾಲೇಜುಗಳ ಪಾಠಪ್ರವಚನಗಳನ್ನು ಎಲ್ಲರಿಗೂ ಎಟುಕುವಂತೆ ರಚಿಸಬೇಕೆಂಬ ಮಾತು ದೇಶದಲ್ಲಿ ಈಗ ಕೇಳಿಬರುತ್ತಿರುವುದರಿಂದ, ಈ ಪ್ರಶ್ನೆಯು ಕೇವಲ ಪುರಾತತ್ತ್ವದ ಕುತೂಹಲವಾಗಿ ಉಳಿದಿಲ್ಲ.

ಅನ್ನದಾನವನ್ನು ಲಘುವಾಗಿ ಕಾಣುವ ಅಭಿಪ್ರಾಯವು ನಮಗೆ ಲೇಶಮಾತ್ರವೂ ಇಲ್ಲ. 1876-78ರ ಧಾತು ಈಶ್ವರ ಕ್ಷಾಮವನ್ನು ಉಂಡ ಬಳ್ಳಾರಿ ಸೀಮೆಯವರು ಆ ಮಾತನ್ನು ಆಡಲಾರರು. ಆದರೆ ಅನ್ನವನ್ನು ಕೊಟ್ಟು ಭಾಗವನ್ನು ಕೊಡದಿರುವ ಒಂದು ಪದ್ಧತಿಯು ನಮ್ಮ ಧರ್ಮಶಾಸ್ತ್ರದಲ್ಲಿ ಬಹು ಸ್ಪಷ್ಟವಾಗಿಯೇ ಇದ್ದಿತು. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಗುರುಡರು, ಕಿವುಡರು, ಮೂಕರು ಮೊದಲಾದವರಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲವೆಂದೂ, ಆದರೆ ಅವರಿಗೆ ಯಥಾಶಕ್ತಿ ಅನ್ನವಸ್ತ್ರಗಳನ್ನು ಕೊಡಲೇಬೇಕೆಂದೂ, ಕೊಡದವನು ಪತಿತನೆಂದೂ ಹೇಳಿದೆ. ಯಾಜ್ಞವಲ್ಕ್ಯನ ಮತವೂ ಹೆಚ್ಚು ಕಡಿಮೆ ಅದೇ. ಆ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದು ಭರತಖಂಡದ ಬಹುಭಾಗಕ್ಕೆ ದಾಯವಿಧಿಯನ್ನು ಕೊಟ್ಟ ವಿಜ್ಞಾನೇಶ್ವರನು ನಮ್ಮವನೇ; ಆರನೆಯ ವಿಕ್ರಮಾದಿತ್ಯನ (1076-1126) ರಾಜಧಾನಿಯಾದ ಕಲ್ಯಾಣದಲ್ಲಿದ್ದವನು. ಅವನು ಕೊಂಚ ಕರುಣೆಯನ್ನು ತೋರಿದನು: ಚಿಕಿತ್ಸೆಯಿಂದ ದೋಷವು ನೀಗಿದರೆ ಪಾಲು ಉಂಟೆಂದನು, ಅಂಥವರ ಮಕ್ಕಳು ನಿರ್ದೋಷಿಗಳಾಗಿದ್ದರೆ ಅವರಿಗೆ ಪಾಲು ಉಂಟೆಂದನು. ಆದರೂ ಮೂಲವಿಧಿಯು ಹಾಗೆಯೇ ಉಳಿಯಿತು. ಅದನ್ನು ತೆಗೆದುಹಾಕಲು 1928ರ ಶಾಸನವೊಂದು ಬರಬೇಕಾಯಿತು. ಅದೂ ಹುಟ್ಟಿನಿಂದ ಬುದ್ಧಿವಿಕಲರಾದವರನ್ನು ಹೊರಗೇ ಬಿಟ್ಟಿತ್ತು. ಉಳಿದ ಅಡ್ಡಿಯು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದ ನಿವಾರಣೆಯಾಯಿತು.

ಮಿತಾಕ್ಷರೆಯೂ ಕೋಡಿಯ ಮಠದ ಶಾಸನವೂ ಒಂದೇ ನಾಡಿನವು. ಅವುಗಳ ನಡುವಣ ಅಂತರವು ಒಂದು ಮನುಷ್ಯಾಯುಷ್ಯಕ್ಕಿಂತ ಹೆಚ್ಚೇನೂ ಆಗಲಾರದು. ಗ್ರಾಸವನ್ನು ಕೊಡು, ಪಾಲನ್ನು ಕೊಡಬೇಡ ಎಂಬ ಆ ಕಾಲದ ನ್ಯಾಯವು ಹೊಲಮನೆಗಳಿಗೆ ಮಾತ್ರ ಅನ್ವಯಿಸಿ ವಿದ್ಯೆಗೆ ಅನ್ವಯಿಸದೆ ಇದ್ದಿತೆಂದು ನಂಬಲು ನಮಗೆ ಧೈರ್ಯವು ಸಾಲದು.

ಆದರೂ ಆ ಕಾಲದವರು ವಿದ್ಯಾರ್ಥಿಗೆ ಬೇಕಾದುದನ್ನು ಮುಂದಾಗಿಯೇ ಯೋಚಿಸುತ್ತಿರಲಿಲ್ಲವೆಂದು ಹೇಳಿದರೆ ಅಪಚಾರವಾದೀತು. ಇಂಡಿ ತಾಲ್ಲೂಕಿನ ಸಾಲೊಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಕಟ್ಟಿಸಿದ ಶಾಲೆಯ ಕ್ರಿ. ಶ. 945ರ ಶಾಸನವನ್ನು ನೋಡಬೇಕು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು, ಅವರ ಊಟಕ್ಕೆ ಭೂಮಿ, ಉಪಾಧ್ಯಾಯನಿಗೆ ಭೂಮಿ, ಇವಲ್ಲದೆ ದೀಪಕ್ಕೆಂದೇ 12 ನಿವರ್ತನ ಭೂಮಿ. ಊರಿನಲ್ಲಿ ಮದುವೆಯಾದರೆ ಇಷ್ಟು, ಉಪನಯನವಾದರೆ ಅದರರ್ಧ, ಚೌಲವಾದರೆ ಅದರಲ್ಲಿಯೂ ಅರ್ಧ ಎಂದು ಗ್ರಾಮಸ್ಥರು ಶಾಲೆಗೆ ಕಾಣಿಕೆಯನ್ನು ಗೊತ್ತುಮಾಡಿಕೊಂಡಿದ್ದರು. ದೀಪದ ವಿಷಯವನ್ನು ಗಮನಿಸಿರಿ. ಇರುಳಿನಲ್ಲಿ ಮನುಷ್ಯರೆಲ್ಲರೂ ಕುರುಡರೇ. ಆ ಕುರುಡಿಗೆ ಪರಿಹಾರವಾಗಿ ಎಣ್ಣೆಯನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯಿಂದ ತರಲೆಂದು ಅವರು ಬಿಡಲಿಲ್ಲ. ಕಣ್ಣು ಕಾಣದ ಹೊತ್ತಿನಲ್ಲಿ ಓದಬೇಕೆಂಬವನು ಅಧಿಪತಿಗೆ ಅರ್ಜಿಯನ್ನು ಬರೆದುಕೊಳ್ಳಬೇಕಾಗಿಯೂ ಇರಲಿಲ್ಲ. ದೀಪವು ಶಾಲೆಯ ರಚನೆಯಲ್ಲಿಯೇ ಸೇರಿತ್ತು. ಹಾಗೆಯೇ ಚಿತ್ತಾಪುರ ತಾಲ್ಲೂಕಿನ ನಾಗಾವಿಯ ಘಟಿಕಾಸ್ಥಾನಕ್ಕೆ 1058ರಲ್ಲಿ ದತ್ತಿಯನ್ನು ಬಿಟ್ಟ ದಂಡನಾಯಕ ಮಧುಸೂದನನು ವೇದಶಾಸ್ತ್ರಗಳ ವಿದ್ಯಾರ್ಥಿಗಳಿಗೂ ಉಪಾಧ್ಯಾಯರಿಗೂ ಜೀವನವನ್ನು ಕಲ್ಪಿಸಿದುದಲ್ಲದೆ, ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ನೇಮಿಸಿದನು. ಪುಸ್ತಕವು ಇದ್ದರೆ ಸಾಲದು, ಅದನ್ನು ತೆಗೆದುಕೊಡುವ ಕೈಯೂ ಇರಬೇಕೆಂದು ಆತನು ಅರಿತಿದ್ದನು.

ಈ ವಿದ್ಯಾಸ್ಥಾನಗಳ ಬಾಗಿಲು ಎಲ್ಲ ಜಾತಿಗಳಿಗೂ ತೆರೆದಿರಲಿಲ್ಲ, ಸ್ತ್ರೀಯರಿಗಂತೂ ಬಹುಮಟ್ಟಿಗೆ ಮುಚ್ಚಿಯೇ ಇದ್ದಿತು. ಇದನ್ನು ಪಾಠಶಾಲೆಯ ಅನ್ನವನ್ನುಂಡ ಈ ಲೇಖಕನೇ ಹೇಳದಿದ್ದರೆ ಬೇರೆ ಯಾರು ಹೇಳಬೇಕು? ಬಹು ಕಾಲದ ಮೇಲೆ, 1823ರಲ್ಲಿ, ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ ಎಂಬಾತನು ಮದರಾಸು ಸರಕಾರಕ್ಕೆ ಬರೆದ ವರದಿಯಲ್ಲಿ, ಈಗಿನದಕ್ಕಿಂತ ವಿಸ್ತಾರವಾಗಿದ್ದ ಆ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರೆಂದು ಲೆಕ್ಕ ಕೊಟ್ಟಿದ್ದಾನೆ. ಅವರಲ್ಲಿ ಹೆಣ್ಣುಮಕ್ಕಳು 60! ನಮ್ಮ ಕೂಡ್ಲಿಗಿ, ಹೊಸಹಳ್ಳಿ, ಕೊಟ್ಟೂರುಗಳ ಐಗಳ ಮಠಗಳೂ ಆ ಜಿಲ್ಲೆಗೇ ಸೇರಿದ್ದವು.

ಆದರೆ ಅದೇ ವರದಿಯಲ್ಲಿ ಬೋಧನಕ್ರಮದ ವಿವರವೂ ಇರುವುದರಿಂದ ಅದು ಪ್ರಕೃತ ವಿಷಯಕ್ಕೆ ಬಹು ಉಪಯುಕ್ತವಾಗಿದೆ. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರವನ್ನು ತಿದ್ದುತ್ತ, ತಿದ್ದುವಾಗಲೇ ಅದನ್ನು ಬಾಯಿಯಿಂದ ಕೂಗುತ್ತ ಕಲಿಯುತ್ತಿದ್ದರು. ಮಗ್ಗಿಯನ್ನು ಒಟ್ಟಾಗಿ ಹಾಡುತ್ತಿದ್ದರು. ಮುಂದುವರಿದ ಹುಡುಗನು ಹಿಂದುಳಿದವನಿಗೆ ಹೇಳಿಕೊಡುತ್ತಿದ್ದನು. ಈ ಕೊನೆಯ ಪದ್ಧತಿಯನ್ನು ಇಂಗ್ಲೆಂಡಿನವರೂ ಅನುಕರಿಸಿದುದು ಯೋಗ್ಯವೇ ಆಗಿದೆಯೆಂದು ಕ್ಯಾಂಪ್‌ಬೆಲ್ ಮೆಚ್ಚಿಕೊಂಡಿದ್ದಾನೆ. ಒಂದೇ ಅಕ್ಷರವು ಕಣ್ಣಿನಿಂದಲೂ ಕಿವಿಯಿಂದಲೂ ಬೆರಳಿನಿಂದಲೂ ಏಕಕಾಲದಲ್ಲಿ ಒಳಹೊಗುತ್ತಿದ್ದ ಆ ಮರಳುಪಾಠವನ್ನು ನಾವು ಕಾಡುಪದ್ಧತಿಯೆಂದು ಬಿಟ್ಟೆವು. ಅದರ ಒಂದು ಬಾಗಿಲು ಮುಚ್ಚಿದ್ದವನಿಗೆ ಇನ್ನೆರಡು ಬಾಗಿಲುಗಳಿದ್ದವು.

ಸಂಸ್ಕೃತ ಪಾಠಶಾಲೆಯ ಪದ್ಧತಿಯಾದರೋ ಕಿವಿಯೊಂದನ್ನೇ ನಂಬಿದುದು. ಗುರುಗಳು ಒಮ್ಮೆ ಹೇಳುವರು, ಶಿಷ್ಯನು ಎರಡು ಸಲ ಹೇಳುವನು, ಇದೇ ಸಂಥೆ. ಪದ, ಕ್ರಮ, ಜಟೆ, ಘನ ಎಂದು ಒಂದೇ ವಾಕ್ಯವನ್ನು ಹಿಂದುಮುಂದಾಗಿ ಹೆಣೆದು ಬಾಯಿಗೆ ಕೂರಿಸುವ ಆ ವಿಧಾನದಲ್ಲಿ ಪುಸ್ತಕವನ್ನು ನೋಡುವುದೇ ಒಂದು ಕೊರತೆಯೆಂದು ಎಣಿಸಲ್ಪಡುತ್ತಿತ್ತು. ಕಣ್ಣಿಲ್ಲದವನಿಗೆ ಇಂಥ ಪಾಠದಲ್ಲಿ ಸ್ವಭಾವತಃ ಯಾವ ಅಡ್ಡಿಯೂ ಇಲ್ಲ. ಅಡ್ಡಿಯು ಹೊರಗಿನ ಆಚಾರದಿಂದ ಬಂದುದು. ಕಿವುಡನಿಗಾದರೆ ಅಲ್ಲಿ ಏನೂ ಇಲ್ಲ. ಉದಾತ್ತಾನುದಾತ್ತಗಳಿಗೆ ಗುರುಗಳು ಕೈಯನ್ನು ಏರಿಸಿ ಇಳಿಸುವುದಷ್ಟೇ ಅವನಿಗೆ ಕಾಣುವ ಪಾಠ. ಅನಂತರ ಬಂದ ಇಂಗ್ಲಿಷ್ ಮಾದರಿಯ ಶಾಲೆಗಳು ಅಚ್ಚಿನ ಪುಸ್ತಕವನ್ನೂ ಕರಿಹಲಗೆಯನ್ನೂ ತಂದವು. ಅವು ಕಿವುಡನಿಗೆ ಒಂದು ಕಿಟಕಿಯನ್ನು ತೆರೆದು ಕುರುಡನಿಗೆ ಇದ್ದ ಬಾಗಿಲನ್ನು ಮುಚ್ಚಿದವು. ಹೀಗೆ ಕಾಲಕಾಲಕ್ಕೆ ವಿದ್ಯಾರ್ಥಿಯ ಯೋಗ್ಯತೆ ಅಯೋಗ್ಯತೆಗಳೆಂದು ಲೋಕವು ಕರೆದುದರಲ್ಲಿ ಎಷ್ಟೋ ಪಾಲು ಪಾಠದ ಉಪಕರಣದ ಗುಣದೋಷವಾಗಿತ್ತು.

ಯೂರೋಪಿನಲ್ಲಿಯೂ ಇದೇ ಗೊಂದಲ. ಫ್ರಾನ್ಸಿನ ಲೂಯಿ ಬ್ರೈಲ್ (1809-1852) ಎಂಬ ಅಂಧ ತರುಣನು ಆರು ಚುಕ್ಕೆಗಳ ಲಿಪಿಯನ್ನು 1829ರಲ್ಲಿ ಪ್ರಕಟಿಸಿದಾಗ, ಕಣ್ಣುಳ್ಳ ಉಪಾಧ್ಯಾಯರು ತಮಗೆ ಓದಲು ಬಾರದ ಆ ಲಿಪಿಯನ್ನು ಬಹು ವರ್ಷಗಳ ವರೆಗೆ ಒಪ್ಪಲಿಲ್ಲ. 1880ರಲ್ಲಿ ಮಿಲಾನ್ ನಗರದಲ್ಲಿ ಸೇರಿದ ಪರಿಷತ್ತೊಂದು ಕಿವುಡ ಮಕ್ಕಳಿಗೆ ಕೈಸನ್ನೆಯ ಭಾಷೆಯಿಂದ ಬೋಧಿಸಬಾರದೆಂದು ತೀರ್ಮಾನಿಸಿ ಎರಡು ಮೂರು ತಲೆಮಾರುಗಳಿಗೆ ಕೆಡುಕನ್ನು ಮಾಡಿತು. ನಮ್ಮಲ್ಲಿ ಮೈಸೂರು ಸಂಸ್ಥಾನದಲ್ಲಿ 1901ರಲ್ಲಿ ಅಂಧರಿಗೂ ಕಿವುಡರಿಗೂ ಪಾಠಶಾಲೆಯು ಹುಟ್ಟಿತು. ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಭಾರತೀ ಬ್ರೈಲ್ ಲಿಪಿಯು 1951ರಲ್ಲಿ ಅಂಗೀಕೃತವಾಯಿತು. ಇವು ಮಹೋಪಕಾರಗಳು. ಆದರೆ ಇವೆಲ್ಲವೂ ಪ್ರತ್ಯೇಕ ಶಾಲೆಯ ಮಾರ್ಗ. ಸಾಮಾನ್ಯ ಕಾಲೇಜಿನ ಪಾಠವು ಇದ್ದಂತೆಯೇ ಇದ್ದಿತು.

ಒಂದೇ ಪಾಠದಲ್ಲಿ ಕಣ್ಣುಳ್ಳವರೂ ಇಲ್ಲದವರೂ ಕೂಡಿ ಕಲಿತ ಉದಾಹರಣೆಯು ನಮ್ಮ ನಾಡಿನಲ್ಲಿಯೇ ಉಂಟು, ಮತ್ತು ಅದನ್ನು ರಚಿಸಿದವರು ಯಾವ ಶಿಕ್ಷಣ ಶಾಸ್ತ್ರವನ್ನೂ ಓದಿದವರಲ್ಲ. ಹಾನಗಲ್ಲು ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯನೆಂಬ ಅಂಧ ಬಾಲಕನು ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಗೆ ಪಾತ್ರನಾಗಿ, ಕರ್ಣಾಟಕ ಸಂಗೀತವನ್ನೂ, ಮಿರಜಿನ ನೀಲಕಂಠಬುವಾ ಅವರಲ್ಲಿ ಹಿಂದುಸ್ಥಾನಿ ಸಂಗೀತವನ್ನೂ ಅಭ್ಯಾಸಮಾಡಿ, ಪಂಚಾಕ್ಷರಿ ಗವಾಯಿಗಳೆಂದು ಪ್ರಖ್ಯಾತನಾದುದು ವಾಚಕರಿಗೆ ವಿದಿತವೇ ಆಗಿದೆ. ಅವರ ಶಿಷ್ಯಸಮೂಹವು ಊರೂರು ಸಂಚರಿಸುತ್ತ ಕೊನೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆಗೊಂಡಿತು. ಆಶ್ರಮದ ಪೋಷಣೆಗಾಗಿ ನಾಟಕ ಮಂಡಲಿಯೊಂದನ್ನೂ ನಡೆಸಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ, ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು (1914-2010) ಆ ಭಾರವನ್ನು ಹೊತ್ತು, ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಗ್ರಂಥಗಳನ್ನೂ ರಚಿಸಿದರು.

ಈ ಆಶ್ರಮವನ್ನು ಅಂಧರ ಆಶ್ರಯವೆಂದು ಸ್ತುತಿಸುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಅಲ್ಲಿ ಕಲಿತವರಲ್ಲಿ ಕಣ್ಣುಳ್ಳವರೂ ಇದ್ದರು. ಹಿಂದುಸ್ಥಾನಿ ಸಂಗೀತದಲ್ಲಿ ದೇಶವೆಲ್ಲ ಬಲ್ಲ ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಕಣ್ಣಿಲ್ಲದ ಗುರುವು ಕಣ್ಣಿಲ್ಲದ ಶಿಷ್ಯರಿಗೆಂದು ರೂಢಿಸಿದ ಪಾಠವನ್ನು ಕಣ್ಣುಳ್ಳ ಶಿಷ್ಯನೂ ಅದೇ ಪಡಸಾಲೆಯಲ್ಲಿ ಕುಳಿತು ಕಲಿತನು. ಅದರಿಂದ ಅವನ ವಿದ್ಯೆಗೆ ಎಳ್ಳಷ್ಟೂ ನ್ಯೂನತೆಯು ಬರಲಿಲ್ಲ. ಕೈಲಾಗದವರಿಗಾಗಿ ಪಾಠವನ್ನು ಮಾರ್ಪಡಿಸಿದರೆ ಉಳಿದವರ ಮಟ್ಟವು ಕುಸಿಯುವುದೆಂದು ಕಾಲೇಜಿನ ಕೆಲವು ಅಧ್ಯಾಪಕರು ಈಗಲೂ ಆಕ್ಷೇಪಿಸುವುದುಂಟು. ಅವರಿಗೆ ಉತ್ತರವಾಗಿ 1936ರ ಒಂದು ದಿನವನ್ನು ನೆನಪಿಗೆ ತರಬೇಕು. ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ನಮ್ಮ ಹಂಪೆಯಲ್ಲಿ ನಡೆದಾಗ ತರುಣ ರಾಜಗುರುಗಳು ಮೊದಲ ಬಾರಿಗೆ ಸಭೆಯ ಮುಂದೆ ಹಾಡಿದರು. ತಬಲವನ್ನು ನುಡಿಸಿದವರು ಸಾಕ್ಷಾತ್ ಗುರುಗಳಾದ ಪಂಚಾಕ್ಷರಿ ಗವಾಯಿಗಳೇ. ಆ ದಿನ ವೇದಿಕೆಯ ಮೇಲೆ ಯಾರು ಯಾರಿಗೆ ಆಶ್ರಯವಾಗಿದ್ದರು?

ಅಮೆರಿಕದ ವಾಸ್ತುಶಿಲ್ಪಿ ರೊನಾಲ್ಡ್ ಮೇಸ್ ಎಂಬವರು ಇದೇ ಅಭಿಪ್ರಾಯಕ್ಕೆ ಶಾಸ್ತ್ರದ ರೂಪವನ್ನು ಕೊಟ್ಟರು. ಬಾಲ್ಯದಲ್ಲಿ ಪೋಲಿಯೋ ರೋಗಕ್ಕೆ ಸಿಕ್ಕಿ ಗಾಲಿಕುರ್ಚಿಯಲ್ಲಿಯೇ ಬಾಳಿದ ಅವರು, ಕಟ್ಟಡವನ್ನು ಕಟ್ಟಿ ಮುಗಿಸಿ ಆಮೇಲೆ ಹಿತ್ತಿಲಲ್ಲಿ ಒಂದು ಇಳಿಜಾರನ್ನು ಅಂಟಿಸುವುದಕ್ಕಿಂತ, ಮೊದಲೇ ಎಲ್ಲರೂ ಬಳಸುವಂತೆ ಕಟ್ಟಬೇಕೆಂದು ವಾದಿಸಿದರು. ಅವರೂ ಸಹೋದ್ಯೋಗಿಗಳೂ 1997ರಲ್ಲಿ ಇದಕ್ಕೆ ಏಳು ಸೂತ್ರಗಳನ್ನು ರಚಿಸಿದರು. ಸರ್ವಾನುಕೂಲ ವಿನ್ಯಾಸವೆಂದು ಕನ್ನಡದಲ್ಲಿ ಹೇಳಬಹುದಾದ ಈ ತತ್ತ್ವವು ಮುಂದೆ ಪಾಠಕ್ಕೂ ವಿಸ್ತರಿಸಿತು. ನಮ್ಮ ದೇಶದ 1995ರ ಕಾಯಿದೆಯು ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿದ್ದರೆ, 2016ರ ಕಾಯಿದೆಯು 21 ಬಗೆಗಳನ್ನು ಗುರುತಿಸಿ, ಸರಕಾರದ ಮತ್ತು ಸರಕಾರದ ನೆರವು ಪಡೆಯುವ ಉನ್ನತ ವಿದ್ಯಾಸಂಸ್ಥೆಗಳಲ್ಲಿ ಶೇಕಡ ಐದಕ್ಕೆ ಕಡಿಮೆಯಿಲ್ಲದ ಸ್ಥಾನಗಳನ್ನೂ, ಪ್ರವೇಶದ ವಯಸ್ಸಿನಲ್ಲಿ ಐದು ವರ್ಷಗಳ ಸಡಿಲಿಕೆಯನ್ನೂ ವಿಧಿಸಿದೆ. ಸರ್ವಾನುಕೂಲ ವಿನ್ಯಾಸಕ್ಕೂ ಅದರಲ್ಲಿ ಲಕ್ಷಣವನ್ನು ಹೇಳಿದೆ. ಕಾಯಿದೆಯ ಪುಸ್ತಕದಲ್ಲಿ ಪಾಲು ದೊರೆತಾಯಿತು.

ಪಾಠದಲ್ಲಿ ದೊರೆತಿದೆಯೆ? ಈ ಲೇಖಕನು ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸುತ್ತಿದ್ದ ಕಾಲದಲ್ಲಿ ನಮ್ಮ ಹೋಬಳಿಯ ಹುಡುಗನೊಬ್ಬನಿದ್ದನು. ದೃಷ್ಟಿಯು ಬಹು ಮಂದ. ಕರಿಹಲಗೆಯು ಅವನಿಗೆ ಬರಿಯ ಕಪ್ಪು ಗೋಡೆ. ಶಬ್ದರೂಪಗಳನ್ನೂ ಅಮರಕೋಶದ ವರ್ಗಗಳನ್ನೂ ಎರಡು ಸಲ ಕೇಳಿದರೆ ತಪ್ಪಿಲ್ಲದೆ ಒಪ್ಪಿಸುವನು. ಅವನು ಪದವಿ ಕಾಲೇಜಿಗೆ ಸೇರಿ ಅರ್ಥಶಾಸ್ತ್ರವನ್ನು ಆರಿಸಿಕೊಂಡನು. ಅಲ್ಲಿ ಉಪನ್ಯಾಸಕರು ಹಲಗೆಯ ಮೇಲೆ ರೇಖೆಯನ್ನೆಳೆದು, ಇದು ಇಲ್ಲಿಂದ ಹೀಗೆ ಇಳಿಯುತ್ತದೆ, ಅದು ಅಲ್ಲಿಂದ ಹಾಗೆ ಏರುತ್ತದೆ, ಎರಡೂ ಇಲ್ಲಿ ಕೂಡುತ್ತವೆ ಎಂದು ಹೇಳಿ ಮುಗಿಸುವರು. ಬೆಲೆಯು ಏರಿದರೆ ಕೊಳ್ಳುವವರು ಕಡಿಮೆಯಾಗುತ್ತಾರೆ ಎಂದು ಒಂದು ವಾಕ್ಯವನ್ನು ಸೇರಿಸಿದ್ದರೆ ಸಾಕಾಗಿತ್ತು. ಕೊಟ್ಟೂರ ಸಂತೆಯನ್ನು ಕಂಡ ಹುಡುಗನಿಗೆ ಅದು ಹೊಸ ಮಾತೂ ಅಲ್ಲ. ಅವನಿಗೆ ವಿದ್ಯಾರ್ಥಿವೇತನವು ಬರುತ್ತಿತ್ತು, ಬಸ್ಸಿನ ಪಾಸು ದೊರೆತಿತ್ತು, ವಿದ್ಯಾರ್ಥಿನಿಲಯದಲ್ಲಿ ಊಟವೂ ಇತ್ತು. ಎರಡನೆಯ ವರ್ಷದ ನಡುವೆ ಅವನು ಓದನ್ನು ಬಿಟ್ಟು ಊರಿಗೆ ಮರಳಿದನು.

ಈಚೆಗೆ ಗಣಕಯಂತ್ರವು ಬಂದು ಕನ್ನಡದ ಬರಹವನ್ನು ತಾನೇ ಓದಿ ಹೇಳುವ ತಂತ್ರಾಂಶಗಳು ದೊರೆಯುತ್ತಿವೆ. ಆದರೆ ನಮ್ಮ ಅಧ್ಯಾಪಕರು ಟಿಪ್ಪಣಿಯನ್ನು ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿಸಿದರೆ ಆ ಯಂತ್ರವು ಅರ್ಥವಿಲ್ಲದ ರೋಮನ್ ಅಕ್ಷರಗಳನ್ನು ಉಚ್ಚರಿಸುತ್ತದೆ; ಪುಸ್ತಕದ ಪುಟವನ್ನು ಚಿತ್ರವಾಗಿ ತೆಗೆದು ಕಳುಹಿಸಿದರೆ ಮೌನವನ್ನು ತಾಳುತ್ತದೆ. ಅದೇ ಟಿಪ್ಪಣಿಯು ಯೂನಿಕೋಡಿನಲ್ಲಿದ್ದರೆ ಸರಾಗವಾಗಿ ಓದುತ್ತದೆ. ಯೂನಿಕೋಡಿನಲ್ಲಿ ಬರೆಯಲು ಹೆಚ್ಚಿನ ವೆಚ್ಚವೂ ಇಲ್ಲ, ಹೆಚ್ಚಿನ ಶ್ರಮವೂ ಇಲ್ಲ. ಹಗಲೆಲ್ಲ ಹೊಲದಲ್ಲಿ ದುಡಿದು ಇರುಳಿನಲ್ಲಿ ಮಲಗಿಕೊಂಡೇ ಪಾಠವನ್ನು ಕೇಳಬೇಕೆನ್ನುವ ಕಣ್ಣುಳ್ಳ ವಿದ್ಯಾರ್ಥಿಗೂ ಅದರಿಂದ ಉಪಯೋಗವುಂಟು. ಸಾಲೊಟಗಿಯ ದೀಪದ ಭೂಮಿಗೆ ಸಮಾನವಾದುದು ಈ ಕಾಲದಲ್ಲಿ ಇಂಥದೇ.

ಪಾಠದಂತೆಯೇ ಕಾಲೇಜಿನ ಇತರ ಚಟುವಟಿಕೆಗಳು. ನಮ್ಮ ಕಡೆಯ ವಿದ್ಯಾರ್ಥಿಗಳು ಇತಿಹಾಸ ಪ್ರವಾಸಕ್ಕೆ ಹಂಪೆಗೋ, ಬಾಗಳಿ, ಅಂಬಳಿ, ಹಿರೇಹಡಗಲಿಗಳ ಕಲ್ಲೇಶ್ವರ ದೇವಾಲಯಗಳಿಗೋ ಹೋಗುವುದುಂಟು. ಮಾತಂಗ ಪರ್ವತವನ್ನು ಹತ್ತಿಸುವುದೇ ಪ್ರವಾಸದ ಮುಖ್ಯಾಂಶವಾದರೆ ಕಾಲಿಲ್ಲದವನು ಬಸ್ಸಿನಲ್ಲಿ ಚೀಲಗಳನ್ನು ಕಾಯುತ್ತ ಕೂರಬೇಕು. ವಿಠ್ಠಲ ದೇವಾಲಯದ ದಾರಿಯಲ್ಲಿ ವಿದ್ಯುತ್ ಗಾಡಿಗಳುಂಟು. ಅಲ್ಲಿಂದ ಆರಂಭಿಸಿದರೆ ಅವನೂ ಬರುತ್ತಾನೆ. ಮಾರ್ಗದರ್ಶಿಯ ಮಾತುಗಳನ್ನು ಹಿಂದಿನ ದಿನವೇ ಬರಹದಲ್ಲಿ ಕೊಟ್ಟರೆ ಕಿವುಡ ವಿದ್ಯಾರ್ಥಿಯು ಉಳಿದವರಿಗಿಂತ ಚೆನ್ನಾಗಿ ಶಿಲ್ಪವನ್ನು ನೋಡುತ್ತಾನೆ. ಉಳಿದವರೂ ಆ ಬರಹವನ್ನು ಕೇಳಿ ಪಡೆಯುತ್ತಾರೆಂಬುದು ಶಿಕ್ಷಕರೆಲ್ಲರ ಅನುಭವ. ಸಂಗೀತಸ್ತಂಭಗಳನ್ನು ಬಡಿಯುವುದು ಈಗ ನಿಷಿದ್ಧವಾಗಿದೆ, ಅದು ಸರಿಯೂ ಹೌದು. ಆದುದರಿಂದ ಕಣ್ಣಿಲ್ಲದವನಿಗೆ ಜೇಡಿಮಣ್ಣಿನಲ್ಲಿ ಒಂದು ಕಂಬದ ಪ್ರತಿಕೃತಿಯನ್ನು ಸಹಪಾಠಿಗಳಿಂದಲೇ ಮಾಡಿಸಬಹುದು. ಮಾಡುವವರಿಗೂ ಚಾಲುಕ್ಯಶಿಲ್ಪಕ್ಕೂ ವಿಜಯನಗರದ ಶಿಲ್ಪಕ್ಕೂ ಇರುವ ಭೇದವು ಕೈಗೆ ಹತ್ತುತ್ತದೆ.

ಪರೀಕ್ಷೆಯ ವಿಷಯವೊಂದು ಉಳಿದಿದೆ. ಸ್ವತಃ ಬರೆಯಲಾರದವನಿಗೆ ಲಿಪಿಕಾರನನ್ನು ಕೊಡಬೇಕೆಂದೂ, ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚು ವೇಳೆಯನ್ನು ಕೊಡಬೇಕೆಂದೂ ಕೇಂದ್ರ ಸರಕಾರದ 2018ರ ಮಾರ್ಗಸೂಚಿಯು ಹೇಳಿತು. ಅಭ್ಯರ್ಥಿಯು ತಾನೇ ಲಿಪಿಕಾರನನ್ನು ಕರೆತರುವುದಾದರೆ ಆತನು ಅಭ್ಯರ್ಥಿಗಿಂತ ಒಂದು ಮೆಟ್ಟಿಲು ಕೆಳಗಿನ ವಿದ್ಯಾರ್ಹತೆಯುಳ್ಳವನಾಗಿರಬೇಕೆಂದು ಅದರಲ್ಲಿ ವಿಧಿಸಿದ್ದಿತು. ಬೆರಳಿನ ನರದೌರ್ಬಲ್ಯದಿಂದ ಬರೆಯಲಾರದವನಿಗೂ ಈ ಸೌಕರ್ಯವು ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ತೀರ್ಪಿತ್ತಿತು. ಆದರೆ ಹಳ್ಳಿಯ ಹುಡುಗನು ಲಿಪಿಕಾರನನ್ನು ಹುಡುಕಿಕೊಂಡು ಪರೀಕ್ಷೆಯ ಹಿಂದಿನ ಸಂಜೆ ಮನೆಮನೆ ತಿರುಗುವುದನ್ನು ನಾವು ಕಂಡಿದ್ದೇವೆ. ಪ್ರವೇಶದ ಕಾಲದಲ್ಲಿಯೇ ಪ್ರತಿಯೊಬ್ಬ ವಿದ್ಯಾರ್ಥಿಯನ್ನೂ, ಪಾಠವನ್ನು ಕೇಳಲು, ನೋಡಲು, ಬರೆಯಲು, ಮೆಟ್ಟಿಲು ಹತ್ತಲು ನಿನಗೆ ಏನು ಬೇಕು ಎಂದು ಕೇಳಿ ಬರೆದಿಟ್ಟುಕೊಂಡು, ಆ ಪಟ್ಟಿಯನ್ನು ನೋಡಿದ ಮೇಲೆ ವೇಳಾಪಟ್ಟಿಯನ್ನೂ ಕೊಠಡಿಗಳನ್ನೂ ಗೊತ್ತುಮಾಡುವ ಪದ್ಧತಿಯನ್ನು ನಮ್ಮ ಐದು ತಾಲ್ಲೂಕುಗಳ ಕಾಲೇಜುಗಳು ಕೈಕೊಳ್ಳಬೇಕು. ಪದವಿಪೂರ್ವ ತರಗತಿಗಳಲ್ಲಿ ಅಕ್ಷರವು ದುಂಡಾಗಿರುವ, ಮನಸ್ಸುಳ್ಳ ಹತ್ತು ಮಂದಿ ಹುಡುಗ ಹುಡುಗಿಯರ ಹೆಸರುಗಳನ್ನು ಪ್ರತಿಯೊಂದು ಊರಿನಲ್ಲಿಯೂ ಜೂನ್ ತಿಂಗಳಿನಲ್ಲಿಯೇ ಬರೆದಿಡುವುದು ಕಷ್ಟದ ಕಾರ್ಯವಲ್ಲ. ಹೊಸಹಳ್ಳಿಯಲ್ಲಿ ಅಂಥ ಪಟ್ಟಿಯನ್ನು ಬರೆದಿಡುವ ಕೆಲಸವನ್ನು ಸಂಘದ ವಾಚನಾಲಯವು ವಹಿಸಿಕೊಂಡರೆ, ನಿವೃತ್ತರಾದ ನಮ್ಮಂಥವರು ಆ ಮಕ್ಕಳಿಗೆ ವಿಷಯದ ಪಾರಿಭಾಷಿಕ ಶಬ್ದಗಳನ್ನು ತಪ್ಪಿಲ್ಲದೆ ಬರೆಯುವ ಅಭ್ಯಾಸವನ್ನು ಭಾನುವಾರಗಳಲ್ಲಿ ಮಾಡಿಸಬಹುದು.